ಉಪಗ್ರಹ ಸಿಗದಾಗ ಲೊಕೇಶನ್ ತಪ್ಪಾಗುತ್ತಿದೆಯೇ? ತಪ್ಪು ಎಲ್ಲಿದೆ ಎಂದು ಹುಡುಕುವ ಬಗೆ

ಮನೆಯೊಳಗೆ ಕೂತು ಮ್ಯಾಪ್ ತೆರೆದರೆ ನೀಲಿ ಚುಕ್ಕೆ ಪಕ್ಕದ ಊರಿನಲ್ಲಿರುತ್ತದೆ. ಹೊರಗೆ ಬಂದರೆ ಸರಿಹೋಗುತ್ತದೆ, ಒಳಗೆ ಹೋದರೆ ಮತ್ತೆ ಅದೇ ಕಥೆ. ಇನ್ನು ಕೆಲವರ ಟ್ಯಾಬ್ಲೆಟ್ ಅವರು ಬಿಟ್ಟುಬಂದ ಹಳೇ ಮನೆಯನ್ನೇ ತೋರಿಸುತ್ತಿರುತ್ತದೆ. ಲ್ಯಾಪ್‌ಟಾಪ್ ಅಂತೂ ಬೇರೆ ದೇಶಕ್ಕೇ ಹೋಗಿ ಕೂತಿರುತ್ತದೆ. ಇಂಥ ತೊಂದರೆ ಬಂದಾಗ ಹೆಚ್ಚಿನವರು ಮೊದಲು ರೀಸ್ಟಾರ್ಟ್ ಮಾಡುತ್ತಾರೆ, ಆಮೇಲೆ ಫ್ಯಾಕ್ಟರಿ ರೀಸೆಟ್‌ಗೆ ಕೈಹಾಕುತ್ತಾರೆ. ದಯವಿಟ್ಟು ರೀಸೆಟ್ ಮಾಡಬೇಡಿ. ಫೋಟೋ, ಮೆಸೇಜು ಎಲ್ಲ ಹೋಗುತ್ತವೆ, ಚುಕ್ಕೆ ಮಾತ್ರ ಅಲ್ಲೇ ಇರುತ್ತದೆ. ಯಾಕೆಂದರೆ ಬಹಳಷ್ಟು ಸಲ ತಪ್ಪು ಇರುವುದು ಸಾಧನದ ಒಳಗಲ್ಲ.

ಉಪಗ್ರಹಗಳ ಸಿಗ್ನಲ್ ಸಿಕ್ಕಾಗ ಫೋನ್ ತನ್ನ ಜಾಗವನ್ನು ತಾನೇ ಅಳೆಯುತ್ತದೆ. ಸಿಗದಾಗ ಬೇರೆಯವರನ್ನು ಕೇಳುತ್ತದೆ. "ನನ್ನ ಸುತ್ತ ಇಂತಿಂಥ ವೈಫೈ ರೂಟರ್‌ಗಳು ಕೇಳಿಸುತ್ತಿವೆ, ಇಂಥ ಟವರ್ ಸಿಕ್ಕಿದೆ, ಹಾಗಾದರೆ ನಾನು ಎಲ್ಲಿದ್ದೇನೆ?" ಎಂದು ದೂರದ ಒಂದು ಸರ್ವರ್‌ಗೆ ಕಳಿಸುತ್ತದೆ. ಆ ಸರ್ವರ್ ತನ್ನಲ್ಲಿರುವ ದೊಡ್ಡ ಪಟ್ಟಿಯಲ್ಲಿ ಹುಡುಕಿ ಉತ್ತರ ಕೊಡುತ್ತದೆ. ಪಟ್ಟಿ ಹಳೆಯದಾಗಿದ್ದರೆ ಉತ್ತರವೂ ಹಳೆಯದೇ. ಹಾಗಾಗಿ ದೋಷ ಹುಡುಕಲು ಕೂತಾಗ ಮೊದಲು ಕೇಳಬೇಕಾದ್ದು ಒಂದೇ ಪ್ರಶ್ನೆ: ಈ ಉತ್ತರ ಯಾವ ಪಟ್ಟಿಯಿಂದ ಬಂತು?

ಈ ಪದ್ಧತಿ ಹೊಸದೇನಲ್ಲ. 2007ರಲ್ಲಿ ಬಂದ ಮೊದಲ ಐಫೋನ್‌ನಲ್ಲಿ ಜಿಪಿಎಸ್ ಚಿಪ್ ಇರಲಿಲ್ಲ. 2008ರ ಜನವರಿಯಲ್ಲಿ ಒಂದು ಸಾಫ್ಟ್‌ವೇರ್ ಅಪ್‌ಡೇಟ್ ಬಂತು. ಅದರಿಂದಾಗಿ ಅದೇ ಫೋನ್ ತನ್ನ ಜಾಗ ತೋರಿಸಲು ಶುರುಮಾಡಿತು. ವೈಫೈ ಪಟ್ಟಿ ಸ್ಕೈಹುಕ್ ಕಂಪನಿಯದು, ಟವರ್ ಪಟ್ಟಿ ಗೂಗಲ್‌ನದು. ಇವತ್ತಿಗೂ ಸಿಮ್ ಹಾಕಲು ಬಾರದ ವೈಫೈ ಐಪ್ಯಾಡ್‌ನಲ್ಲಿ ಜಿಪಿಎಸ್ ಇಲ್ಲ. ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲೂ ಇಲ್ಲ. ಅವು ಪೂರ್ತಿ ಇಂಥ ಪಟ್ಟಿಗಳನ್ನೇ ನಂಬಿಕೊಂಡಿವೆ.

ಚುಕ್ಕೆ ಬಿಡಿ, ವೃತ್ತ ನೋಡಿ

ಮ್ಯಾಪ್‌ನಲ್ಲಿ ಚುಕ್ಕೆಯ ಸುತ್ತ ಒಂದು ತೆಳು ನೀಲಿ ವೃತ್ತ ಕಾಣುತ್ತದೆ. ಎಲ್ಲರೂ ಚುಕ್ಕೆ ನೋಡುತ್ತಾರೆ. ದೋಷ ಹುಡುಕುವವರು ನೋಡಬೇಕಾದ್ದು ವೃತ್ತವನ್ನು. "ನೀವು ಬಹುಶಃ ಇದರೊಳಗೆ ಎಲ್ಲೋ ಇದ್ದೀರಿ" ಎಂದು ಸಾಧನ ಹೇಳುವುದು ಅದರ ಮೂಲಕವೇ. ಆಂಡ್ರಾಯ್ಡ್‌ನಲ್ಲಿ ಆ 'ಬಹುಶಃ'ಗೆ ಒಂದು ಲೆಕ್ಕ ಇದೆ: ಶೇಕಡಾ 68. ಅಂದರೆ ಎಲ್ಲ ಸರಿಯಾಗಿ ಕೆಲಸ ಮಾಡುತ್ತಿದ್ದಾಗಲೂ ಮೂರರಲ್ಲಿ ಸುಮಾರು ಒಂದು ಸಲ ನೀವು ವೃತ್ತದ ಹೊರಗೇ ಇರಬಹುದು. ಅದನ್ನು ದೋಷ ಅಂತ ಎಣಿಸಬೇಡಿ.

ವೃತ್ತದ ಅಗಲ ನೋಡಿದರೆ ಉತ್ತರ ಎಲ್ಲಿಂದ ಬಂತು ಅಂತ ಹೆಚ್ಚುಕಮ್ಮಿ ಗೊತ್ತಾಗುತ್ತದೆ. ಹತ್ತಿಪ್ಪತ್ತು ಮೀಟರಿನಿಂದ ಐವತ್ತು ಮೀಟರಿನವರೆಗೆ ಇದ್ದರೆ ವೈಫೈ. ಕೆಲವು ನೂರು ಮೀಟರಿನಿಂದ ಕೆಲವು ಕಿಲೋಮೀಟರಿನವರೆಗೆ ಹರಡಿದ್ದರೆ ಮೊಬೈಲ್ ಟವರ್. ಇಡೀ ಊರನ್ನೇ, ಜಿಲ್ಲೆಯನ್ನೇ ನುಂಗಿದ್ದರೆ ಐಪಿ ವಿಳಾಸ, ಅಂದರೆ ಇಂಟರ್ನೆಟ್ ಕಂಪನಿ ನಿಮ್ಮ ಸಂಪರ್ಕಕ್ಕೆ ಕೊಟ್ಟಿರುವ ನಂಬರ್. ಈ ಮೂರರಲ್ಲಿ ಯಾವುದು ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ವೃತ್ತ ಚಿಕ್ಕದು ಆದರೆ ಜಾಗ ಪೂರ್ತಿ ತಪ್ಪು ಅಂತಾದರೆ ತಕ್ಷಣ ವೈಫೈ ಪಟ್ಟಿಯನ್ನು ಅನುಮಾನಿಸಿ. ಸಿಗ್ನಲ್ ಕಮ್ಮಿಯಾದರೆ ವೃತ್ತ ದೊಡ್ಡದಾಗುತ್ತದೆ. ಪಟ್ಟಿಯೇ ತಪ್ಪಾಗಿದ್ದರೆ ಹಾಗಾಗುವುದಿಲ್ಲ. ತಪ್ಪು ಜಾಗವನ್ನೇ ಬಹಳ ಖಚಿತವಾಗಿ ಹೇಳುತ್ತದೆ.

ಚುಕ್ಕೆ ಕುಣಿಯುತ್ತಿದ್ದರೆ ಅದು ಹೇಗೆ ಕುಣಿಯುತ್ತದೆ ಅನ್ನುವುದನ್ನೂ ಸ್ವಲ್ಪ ಹೊತ್ತು ಸುಮ್ನೆ ನೋಡಿ. ಪ್ರತಿ ಸಲ ಅದೇ ಎರಡು ಜಾಗಗಳ ಮಧ್ಯೆ ಹಾರುತ್ತಿದ್ದರೆ ಎರಡು ಮೂಲಗಳು ಎರಡು ಬೇರೆ ಉತ್ತರ ಕೊಡುತ್ತಿವೆ. ಸುತ್ತಮುತ್ತ ಎಲ್ಲೆಂದರಲ್ಲಿ ಚೆಲ್ಲಾಡುತ್ತಿದ್ದರೆ ಮೂಲ ಒಂದೇ, ಸಿಗ್ನಲ್ ದುರ್ಬಲ.

ಅನುಮತಿ ಮತ್ತು ಹಳೇ ಉತ್ತರ: ಎರಡು ನಿಮಿಷದ ಪರೀಕ್ಷೆ

ಒಂದೇ ಆ್ಯಪ್‌ನಲ್ಲಿ ತಪ್ಪು, ಉಳಿದದ್ದರಲ್ಲಿ ಸರಿ ಅಂತಾದರೆ ಪಟ್ಟಿಯ ಗೊಡವೆಗೆ ಹೋಗಬೇಡಿ. ಅದು ಅನುಮತಿಯ ವಿಷಯ. ಐಫೋನ್‌ನಲ್ಲಿ ಐಓಎಸ್ 14ರಿಂದ (2020), ಆಂಡ್ರಾಯ್ಡ್‌ನಲ್ಲಿ 12ನೇ ಆವೃತ್ತಿಯಿಂದ (2021) ಆ್ಯಪ್‌ಗೆ ಅಂದಾಜು ಜಾಗವನ್ನು ಮಾತ್ರ ಕೊಡುವ ಆಯ್ಕೆ ಇದೆ. ಆಂಡ್ರಾಯ್ಡ್‌ನಲ್ಲಿ ಅಂದಾಜು ಅಂದರೆ ಸುಮಾರು 3 ಚದರ ಕಿಲೋಮೀಟರಿನ ಪ್ರದೇಶ. ಮೊದಲ ಸಲ ಆ್ಯಪ್ ತೆರೆದಾಗ ಅವಸರದಲ್ಲಿ ಅದನ್ನೇ ಒತ್ತಿರುತ್ತೇವೆ, ಆಮೇಲೆ ನೆನಪಿರುವುದಿಲ್ಲ. ಆ ಆ್ಯಪ್‌ನ ಲೊಕೇಶನ್ ಅನುಮತಿಗೆ ಹೋಗಿ 'ಪ್ರಿಸೈಸ್' ಅನ್ನುವುದು ಆನ್ ಇದೆಯಾ ನೋಡಿ.

ಎರಡನೆಯದು ಹಳೇ ಉತ್ತರ. ಹೊಸ ಉತ್ತರ ಸಿಗುವವರೆಗೆ ಸಾಧನ ಕೊನೆಗೆ ತಿಳಿದ ಜಾಗವನ್ನೇ ತೋರಿಸುತ್ತದೆ. ವಿಮಾನ ಇಳಿದ ಮೇಲೂ ಹೊರಟ ಊರೇ ಕಾಣುವುದು ಇದರಿಂದ. ಬ್ಯಾಟರಿ ಉಳಿಸಲು ಆಂಡ್ರಾಯ್ಡ್ 9ರಿಂದ ವೈಫೈ ಹುಡುಕಾಟಕ್ಕೂ ಮಿತಿ ಹಾಕಲಾಗಿದೆ. ಎದುರಿಗೆ ತೆರೆದಿರುವ ಆ್ಯಪ್ 2 ನಿಮಿಷಕ್ಕೆ 4 ಸಲ ಮಾತ್ರ ಹುಡುಕಲು ಹೇಳಬಹುದು. ಹಿನ್ನೆಲೆಯಲ್ಲಿರುವ ಆ್ಯಪ್‌ಗಳಿಗೆ ಎಲ್ಲ ಸೇರಿ 30 ನಿಮಿಷಕ್ಕೆ ಒಂದು ಸಲ. ನಡೆಯುವಾಗ ಚುಕ್ಕೆ ನಿಂತು ನಿಂತು ಹಾರಿದರೆ, ಅಥವಾ ಹಿನ್ನೆಲೆಯ ಆ್ಯಪ್ ಬಹಳ ಹೊತ್ತು ಒಂದೇ ಜಾಗ ತೋರಿಸಿದರೆ ಇದು ನೆನಪಿರಲಿ. ಮ್ಯಾಪ್ ತೆರೆದಿಟ್ಟು ಎರಡು ನಿಮಿಷ ಕಾಯಿರಿ. ಸರಿಹೋದರೆ ದೋಷವೇ ಇರಲಿಲ್ಲ.

ಚುಕ್ಕೆ ಆಫ್ರಿಕಾದ ಪಶ್ಚಿಮಕ್ಕೆ, ಗಿನಿ ಕೊಲ್ಲಿಯ ಸಮುದ್ರದಲ್ಲಿದ್ದರೆ ಅದು ಅಕ್ಷಾಂಶ 0, ರೇಖಾಂಶ 0 ಇರುವ ಜಾಗ. ಆ್ಯಪ್‌ಗೆ ಉತ್ತರವೇ ಸಿಕ್ಕಿಲ್ಲ, ಖಾಲಿಯನ್ನು ಸೊನ್ನೆ ಅಂತ ಓದಿಕೊಂಡಿದೆ. ಅದು ಆ್ಯಪ್ ಬರೆದವರು ಸರಿಮಾಡಬೇಕಾದ ತಪ್ಪು.

ವೈಫೈ: ಅತಿ ಹೆಚ್ಚು ತಪ್ಪು ಇಲ್ಲೇ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಒಳಾಂಗಣದ ಲೊಕೇಶನ್ ಸರಿಯಾಗಿ ಬರುವುದೂ ವೈಫೈಯಿಂದಲೇ, ವಿಚಿತ್ರವಾಗಿ ಕೆಡುವುದೂ ವೈಫೈಯಿಂದಲೇ.

ಪ್ರತಿ ರೂಟರ್ ಸೆಕೆಂಡಿಗೆ ಸುಮಾರು ಹತ್ತು ಸಲ "ನಾನಿಲ್ಲಿದ್ದೇನೆ" ಎಂದು ಕೂಗುತ್ತಿರುತ್ತದೆ. ಆ ಕೂಗಿನಲ್ಲಿ ರೂಟರಿನ ಹೆಸರೂ ಇರುತ್ತದೆ, ಅದರ ರೇಡಿಯೋ ವಿಳಾಸವೂ ಇರುತ್ತದೆ. ಈ ವಿಳಾಸಕ್ಕೆ ಬಿಎಸ್‌ಎಸ್‌ಐಡಿ ಅನ್ನುತ್ತಾರೆ. ಅಂಕಿ, ಅಕ್ಷರ ಸೇರಿದ ಆರು ಜೋಡಿಗಳು. ಇದನ್ನು ಕೇಳಿಸಿಕೊಳ್ಳಲು ಪಾಸ್‌ವರ್ಡ್ ಬೇಡ, ಆ ವೈಫೈಗೆ ಸೇರಿಕೊಳ್ಳಬೇಕಾಗಿಯೂ ಇಲ್ಲ. ಗೋಡೆಯಾಚೆಯ ನೆರೆಮನೆಯ ರೂಟರೂ ನಿಮ್ಮ ಫೋನಿಗೆ ಗುರುತಿನ ಕಲ್ಲಿನಂತೆ ಕೆಲಸ ಮಾಡುತ್ತದೆ. ಫೋನ್ ತನಗೆ ಕೇಳಿಸಿದ ವಿಳಾಸಗಳನ್ನೂ ಒಂದೊಂದು ಎಷ್ಟು ಜೋರಾಗಿ ಕೇಳಿಸಿತು ಅನ್ನುವುದನ್ನೂ ಸರ್ವರ್‌ಗೆ ಕಳಿಸುತ್ತದೆ. ಆ್ಯಪಲ್‌ನ ವ್ಯವಸ್ಥೆ ಇನ್ನೊಂದು ರೀತಿಯದು. ಅಲ್ಲಿ ಸರ್ವರ್ ಅಕ್ಕಪಕ್ಕದ ನೂರಾರು ರೂಟರ್‌ಗಳ ಜಾಗವನ್ನೇ ಫೋನಿಗೆ ಕೊಟ್ಟುಬಿಡುತ್ತದೆ, ಲೆಕ್ಕ ಫೋನಿನಲ್ಲೇ ಆಗುತ್ತದೆ.

ಈ ಪಟ್ಟಿ ಬೆಳೆಯುವುದು ಹೇಗೆ? ರಸ್ತೆಯಲ್ಲಿ ಹೋಗುವವರ ಫೋನ್‌ಗಳಿಂದ. ಉಪಗ್ರಹದಿಂದ ತನ್ನ ಜಾಗ ಚೆನ್ನಾಗಿ ಗೊತ್ತಿರುವ ಫೋನ್, "ಈ ಜಾಗದಲ್ಲಿ ಇಂತಿಂಥ ರೂಟರ್‌ಗಳು ಕೇಳಿಸಿದವು" ಎಂದು ಕಳಿಸುತ್ತಿರುತ್ತದೆ. ಅಂದರೆ ಒಂದು ರೂಟರ್ ಜಾಗ ಬದಲಿಸಿದರೆ, ಹೊಸ ಜಾಗದಲ್ಲಿ ಅಂಥ ಫೋನ್‌ಗಳು ಓಡಾಡುವವರೆಗೆ ಪಟ್ಟಿಗೆ ಅದು ಗೊತ್ತಾಗುವುದೇ ಇಲ್ಲ. ಮನೆ ಬದಲಿಸಿದವರ ಟ್ಯಾಬ್ಲೆಟ್ ಹಳೇ ಮನೆ ತೋರಿಸುವುದು ಇದಕ್ಕೇ. ಸೆಕೆಂಡ್ ಹ್ಯಾಂಡ್ ರೂಟರ್ ತಂದವರಿಗೂ ಇದೇ ತೊಂದರೆ ಬರುತ್ತದೆ. ಆ ರೂಟರ್ ತನ್ನ ಹಿಂದಿನ ಮನೆಯ ಗುರುತನ್ನು ಹೊತ್ತುಕೊಂಡೇ ಬಂದಿರುತ್ತದೆ.

ಇಲ್ಲಿ ಹಲವರು ವೈಫೈ ಹೆಸರು ಬದಲಿಸಿ ನೋಡುತ್ತಾರೆ, ಪಾಸ್‌ವರ್ಡ್ ಬದಲಿಸುತ್ತಾರೆ, ರೂಟರ್ ರೀಸೆಟ್ ಮಾಡುತ್ತಾರೆ. ಯಾವುದೂ ಉಪಯೋಗವಿಲ್ಲ. ಪಟ್ಟಿಯಲ್ಲಿ ಗುರುತು ನಿಂತಿರುವುದು ಬಿಎಸ್‌ಎಸ್‌ಐಡಿಯ ಮೇಲೆ. ಅದು ಕಾರ್ಖಾನೆಯಲ್ಲೇ ಬಂದದ್ದು, ರೀಸೆಟ್ ಮಾಡಿದರೂ ಹಾಗೇ ಇರುತ್ತದೆ.

ಪರೀಕ್ಷೆ ಬಹಳ ಸರಳ. ರೂಟರಿನ ಸ್ವಿಚ್ ಆಫ್ ಮಾಡಿ. ಫೋನನ್ನು ಮೊಬೈಲ್ ಡೇಟಾದಲ್ಲಿಟ್ಟು, ವೈಫೈ ಆನ್ ಇರುವಂತೆಯೇ ಬಿಟ್ಟು, ಎರಡು ಮೂರು ನಿಮಿಷದ ನಂತರ ಮ್ಯಾಪ್ ನೋಡಿ. ಚುಕ್ಕೆ ಸರಿಯಾದ ಜಾಗಕ್ಕೆ ಬಂದರೆ, ಅಥವಾ ಕನಿಷ್ಠ ವೃತ್ತ ದೊಡ್ಡದಾಗಿ ನಿಮ್ಮ ಊರಿಗೆ ಬಂದರೆ, ತಪ್ಪು ಇರುವುದು ನಿಮ್ಮ ರೂಟರಿನ ಗುರುತಿನಲ್ಲೇ. ಏನೂ ಬದಲಾಗದಿದ್ದರೆ ಮುಂದಿನ ಭಾಗಕ್ಕೆ ಹೋಗಿ.

ಸುತ್ತ ಹತ್ತಾರು ಮನೆಗಳಿರುವಲ್ಲಿ ಒಂದು ರೂಟರ್ ಸುಳ್ಳು ಹೇಳಿದರೂ ಸಾಮಾನ್ಯವಾಗಿ ತೊಂದರೆಯಾಗುವುದಿಲ್ಲ. ಉಳಿದವೆಲ್ಲ ಒಂದು ಜಾಗ ಹೇಳುವಾಗ ಒಂದೇ ಒಂದು ದೂರದ ಊರು ಹೇಳಿದರೆ ಸರ್ವರ್ ಅದನ್ನು ಬಿಟ್ಟುಬಿಡುತ್ತದೆ. ತೊಂದರೆ ಆಗುವುದು ಒಂಟಿ ಮನೆಗಳಲ್ಲಿ, ಹೊಸ ಬಡಾವಣೆಗಳಲ್ಲಿ. ಅದಕ್ಕಿಂತ ಕೆಟ್ಟದ್ದು ಒಂದು ಕಚೇರಿ ತನ್ನ ರೂಟರ್‌ಗಳನ್ನೆಲ್ಲ ಕಿತ್ತುಕೊಂಡು ಹೊಸ ಕಟ್ಟಡಕ್ಕೆ ಹೋದಾಗ. ಇಪ್ಪತ್ತು ರೂಟರ್‌ಗಳಿದ್ದರೆ ಇಪ್ಪತ್ತೂ ಒಂದೇ ದನಿಯಲ್ಲಿ ಹಳೇ ವಿಳಾಸ ಹೇಳುತ್ತವೆ. ಅಕ್ಕಪಕ್ಕದ ನಾಲ್ಕು ರೂಟರ್‌ಗಳು ಸರಿಯಾದ ಜಾಗ ಹೇಳಿದರೂ ಅವು ಕಡಿಮೆ ಸಂಖ್ಯೆಯಲ್ಲಿವೆ, ದುರ್ಬಲವಾಗಿಯೂ ಕೇಳಿಸುತ್ತವೆ. ಹಲವು ಪೆಟ್ಟಿಗೆಗಳು ಸೇರಿ ಮನೆಯಿಡೀ ಒಂದೇ ವೈಫೈ ಕೊಡುವ ಮೆಶ್ ವೈಫೈಯಲ್ಲೂ ಹೀಗೇ ಆಗಬಹುದು. ಮೂರು ನಾಲ್ಕು ಪೆಟ್ಟಿಗೆಗಳು, ಒಂದೊಂದರಲ್ಲಿ ಎರಡು ಮೂರು ವಿಳಾಸ. ಎಲ್ಲ ಒಟ್ಟಿಗೆ ಬಂದವು, ಎಲ್ಲ ಒಂದೇ ಮಾತು ಹೇಳುತ್ತವೆ.

ಪರಿಹಾರ ಏನು? ಪಟ್ಟಿಗೆ ಹೊಸ ಸುದ್ದಿ ಮುಟ್ಟಿಸಬೇಕು. ರೂಟರ್ ಆನ್ ಇಟ್ಟು, ಲೊಕೇಶನ್ ಮತ್ತು ವೈಫೈ ಎರಡೂ ಆನ್ ಇರುವ ಫೋನ್ ಹಿಡಿದು ಕಿಟಕಿ ಬಳಿ, ಅಂಗಳದಲ್ಲಿ, ಮನೆಯ ಸುತ್ತ ಓಡಾಡಿ. ಆಕಾಶ ಕಾಣಬೇಕು, ರೂಟರೂ ಕೇಳಿಸಬೇಕು. ಮ್ಯಾಪ್ ತೆರೆದಿರಲಿ. ಆಂಡ್ರಾಯ್ಡ್ ಆದರೆ ಸೆಟ್ಟಿಂಗ್ಸ್‌ನಲ್ಲಿ 'ಲೊಕೇಶನ್ ಆ್ಯಕ್ಯುರಸಿ' ಆನ್ ಇರಬೇಕು. ಬೇರೆ ಬೇರೆಯವರ ಫೋನ್‌ಗಳಿಂದ, ಬೇರೆ ಬೇರೆ ದಿನಗಳಲ್ಲಿ ಸುದ್ದಿ ಹೋದರೆ ಒಳ್ಳೆಯದು. ಮನೆಯಲ್ಲಿ ಆಂಡ್ರಾಯ್ಡ್, ಐಫೋನ್ ಎರಡೂ ಇದ್ದರೆ ಎರಡರಿಂದಲೂ ಮಾಡಿ. ಗೂಗಲ್ ಪಟ್ಟಿ ಬೇರೆ, ಆ್ಯಪಲ್ ಪಟ್ಟಿ ಬೇರೆ. ಒಂದು ಸರಿಹೋದ ಮಾತ್ರಕ್ಕೆ ಇನ್ನೊಂದು ಸರಿಹೋಗುವುದಿಲ್ಲ. ಮನೆಯ ಒಂದು ಸಾಧನ ಸರಿ, ಇನ್ನೊಂದು ತಪ್ಪು ತೋರಿಸಲು ಎಷ್ಟೋ ಸಲ ಇದೇ ಕಾರಣ. ಇದೆಲ್ಲ ಒಂದೇ ದಿನದಲ್ಲಿ ಆಗುವ ಕೆಲಸವಲ್ಲ, ಕೆಲವು ವಾರವೂ ಹಿಡಿಯಬಹುದು. ತಾಳ್ಮೆ ಬೇಕು.

ಇನ್ನೊಂದು ದಾರಿ ಇದೆ. ರೂಟರಿನ ಹೆಸರಿನ ಕೊನೆಗೆ ಒಂದು ಅಂಡರ್‌ಸ್ಕೋರ್ ಚಿಹ್ನೆ, ಅದಕ್ಕೆ ಅಂಟಿಕೊಂಡಂತೆ ಎನ್, ಓ, ಎಂ, ಎ, ಪಿ ಅನ್ನುವ ಐದು ಸಣ್ಣ ಇಂಗ್ಲಿಷ್ ಅಕ್ಷರ ಸೇರಿಸಿದರೆ ಆ ರೂಟರನ್ನು ಲೊಕೇಶನ್‌ಗೆ ಬಳಸಬೇಡಿ ಎಂದು ಹೇಳಿದ ಹಾಗೆ. ಗೂಗಲ್ ಇದನ್ನು 2011ರಲ್ಲಿ ತಂದಿತು, ಆ್ಯಪಲ್ ಕೂಡ ಇದನ್ನು ಒಪ್ಪುತ್ತದೆ. ನನ್ನ ಅಭಿಪ್ರಾಯದಲ್ಲಿ, ಸುತ್ತ ಬೇರೆ ರೂಟರ್‌ಗಳಿದ್ದರೆ ಮಾತ್ರ ಇದು ಒಳ್ಳೆಯ ಉಪಾಯ. ತಪ್ಪು ದನಿ ಹೊರಟುಹೋಗಿ ಸರಿಯಾದವು ಉಳಿಯುತ್ತವೆ. ಒಂಟಿ ಮನೆಯಲ್ಲಿ ಹೀಗೆ ಮಾಡಿದರೆ ಇದ್ದ ಒಂದು ಗುರುತೂ ಹೋಗುತ್ತದೆ. ಆದರೆ ಮನೆಯ ಜಾಗ ಯಾವ ಪಟ್ಟಿಯಲ್ಲೂ ಇರುವುದು ಬೇಡ ಅಂತ ಬಯಸುವವರು ಲೊಕೇಶನ್ ಸ್ವಲ್ಪ ಕೆಟ್ಟರೂ ಪರವಾಗಿಲ್ಲ ಅಂತ ಇದನ್ನು ಮಾಡಬಹುದು. ಅದು ಅವರ ಹಕ್ಕು.

ಒಂಟಿ ರೂಟರಿನ ವಿಷಯ ಬಂತಲ್ಲ, ಅಲ್ಲೊಂದು ನಿಯಮ ಇದೆ. ಗೂಗಲ್‌ನ ಜಿಯೋಲೊಕೇಶನ್ ಸೇವೆಗೆ ವೈಫೈಯಿಂದ ಜಾಗ ಹೇಳಬೇಕಾದರೆ ಕನಿಷ್ಠ ಎರಡು ರೂಟರ್‌ಗಳ ವಿಳಾಸ ಬೇಕು. ಒಂದೇ ಇದ್ದರೆ ಸಾಲದು. ಊರಾಚೆ ಒಂದೇ ರೂಟರ್ ಇರುವ ಮನೆಯಲ್ಲಿ ಎಲ್ಲ ಸರಿಯಿದ್ದೂ ಚುಕ್ಕೆ ಊರಿನ ಮಧ್ಯಕ್ಕೆ ಹೋದರೆ ಇದೇ ಕಾರಣ ಇರಬಹುದು. ಹಳೇ ರೂಟರೊಂದು ಬಿದ್ದಿದ್ದರೆ ಅದನ್ನೂ ಆನ್ ಮಾಡಿಟ್ಟು ನೋಡಿ.

ಮೊಬೈಲ್ ಹಾಟ್‌ಸ್ಪಾಟ್ ಇದಕ್ಕೆ ಲೆಕ್ಕಕ್ಕಿಲ್ಲ. ಬಿಎಸ್‌ಎಸ್‌ಐಡಿಯ ಎರಡನೇ ಸ್ಥಾನದಲ್ಲಿ 2, 6, ಎ, ಇ ಇವುಗಳಲ್ಲಿ ಒಂದು ಇದ್ದರೆ ಅದು ಕಾರ್ಖಾನೆಯಲ್ಲಿ ಕೊಟ್ಟ ವಿಳಾಸವಲ್ಲ, ಸಾಧನ ತಾನೇ ಹಾಕಿಕೊಂಡದ್ದು. ಫೋನ್ ಹಾಟ್‌ಸ್ಪಾಟ್‌ಗಳದು ಹೆಚ್ಚಾಗಿ ಇಂಥದ್ದು. ಇವುಗಳಿಂದ ಜಾಗ ಹೇಳಲು ಆಗುವುದಿಲ್ಲ. ರೈಲು, ಬಸ್ಸಿನ ವೈಫೈ ಇದಕ್ಕಿಂತ ಗೊಂದಲ. ಅಲ್ಲಿ ವಿಳಾಸ ಒಂದೇ, ಜಾಗ ಮಾತ್ರ ದಿನವಿಡೀ ಬದಲಾಗುತ್ತಿರುತ್ತದೆ. ಓಡುವ ರೈಲಿನಲ್ಲಿ ಲ್ಯಾಪ್‌ಟಾಪ್ ಹಿಂದಿನ ಯಾವುದೋ ನಿಲ್ದಾಣ ತೋರಿಸಿದರೆ ಅದನ್ನು ಸರಿಮಾಡಲು ಹೋಗಬೇಡಿ, ಫೋನ್ ನೋಡಿಕೊಳ್ಳಿ.

ವೈಫೈ ಕೇಳಿಸುತ್ತಿದ್ದರೂ ಉತ್ತರ ಬರದಿರಬಹುದು. ಪಟ್ಟಿ ಇರುವುದು ಸರ್ವರ್‌ನಲ್ಲಿ, ಹಾಗಾಗಿ ಕೇಳಲು ಇಂಟರ್ನೆಟ್ ಬೇಕು. ನೆಲಮಾಳಿಗೆಯಲ್ಲಿ ನೆರೆಯವರ ಹತ್ತು ರೂಟರ್ ಕಾಣಿಸಿದರೂ ಡೇಟಾ ಇಲ್ಲದಿದ್ದರೆ ಚುಕ್ಕೆ ಬೂದು ಬಣ್ಣಕ್ಕೆ ತಿರುಗಿ ನಿಲ್ಲುತ್ತದೆ. ಇನ್ನು ಕೆಲವರು ಬ್ಯಾಟರಿ ಉಳಿಸಲು ವೈಫೈ ಆಫ್ ಮಾಡಿಡುತ್ತಾರೆ. ಆಂಡ್ರಾಯ್ಡ್‌ನ ಲೊಕೇಶನ್ ಸೆಟ್ಟಿಂಗ್‌ನಲ್ಲಿ 'ವೈಫೈ ಸ್ಕ್ಯಾನಿಂಗ್' ಅಂತ ಬೇರೆಯೇ ಒಂದು ಸ್ವಿಚ್ ಇದೆ. ವೈಫೈ ಆಫ್ ಇದ್ದರೂ ಇದು ಆನ್ ಇದ್ದರೆ ಫೋನ್ ಕೇಳಿಸಿಕೊಳ್ಳುತ್ತದೆ. ಎರಡೂ ಆಫ್ ಆಗಿದ್ದರೆ ಉಳಿಯುವುದು ಟವರ್ ಮಾತ್ರ.

ಟವರ್: ದೊಡ್ಡ ವೃತ್ತ, ಸಣ್ಣ ನಿರೀಕ್ಷೆ

ಮೂರು ಟವರ್‌ಗಳಿಂದ ದೂರ ಅಳೆದು ತ್ರಿಕೋನ ಎಳೆದು ಫೋನ್ ತನ್ನ ಜಾಗ ಹಿಡಿಯುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಮ್ಯಾಪ್ ಆ್ಯಪ್ ಮಾಡುವುದು ಸಾಮಾನ್ಯವಾಗಿ ಅದಲ್ಲ. ಫೋನ್ ಸದ್ಯ ಸೇರಿಕೊಂಡಿರುವ ಸೆಲ್‌ನ (ಟವರ್‌ನ ಒಂದು ಆಂಟೆನಾದ ಸಿಗ್ನಲ್ ಹರಡುವ ಪ್ರದೇಶದ) ಪೂರ್ತಿ ಗುರುತು ಅದಕ್ಕೆ ಗೊತ್ತು. ಅಕ್ಕಪಕ್ಕದ 4ಜಿ ಸೆಲ್‌ಗಳ ಬಗ್ಗೆ ಹೆಚ್ಚಾಗಿ ಗೊತ್ತಿರುವುದು 0ಯಿಂದ 503ರವರೆಗಿನ ಒಂದು ಸಣ್ಣ ನಂಬರ್ ಮಾತ್ರ. ಆ ನಂಬರ್‌ಗಳು ಊರೂರಲ್ಲಿ ಮರುಬಳಕೆ ಆಗುತ್ತವೆ. ಹಾಗಾಗಿ ಉತ್ತರ ಬರುವುದು ಒಂದು ಸೆಲ್‌ನ ಹರವಿನ ನಡುಭಾಗಕ್ಕೆ. ಪೇಟೆಯೊಳಗಿನ ಸೆಲ್ ಕೆಲವು ನೂರು ಮೀಟರ್ ಇದ್ದೀತು. ಬಯಲಿನಲ್ಲಿ ಹಲವು ಕಿಲೋಮೀಟರ್. ಹಳೇ 2ಜಿಯಲ್ಲಿ ಒಂದು ಸೆಲ್ 35 ಕಿಲೋಮೀಟರ್ ದೂರದವರೆಗೂ ತಲುಪಬಲ್ಲದು.

ಕೆರೆ, ಕಣಿವೆ, ಗುಡ್ಡದ ಮೇಲಿನ ಮನೆಗಳಲ್ಲಿ ಫೋನ್ ಪಕ್ಕದ ಟವರ್ ಬಿಟ್ಟು ಎದುರು ದಂಡೆಯ ಟವರ್ ಹಿಡಿಯುವುದುಂಟು. ಆಗ ಚುಕ್ಕೆಯೂ ಎದುರು ದಂಡೆಗೆ ಹೋಗುತ್ತದೆ. ಎರಡು ಟವರ್‌ಗಳ ನಡುವೆ ಫೋನ್ ಹೋಗಿ ಬಂದು ಮಾಡಿದರೆ ಚುಕ್ಕೆಯೂ ಅತ್ತಿತ್ತ ಹಾರುತ್ತದೆ. ಪರೀಕ್ಷೆಗೆ ಏರ್‌ಪ್ಲೇನ್ ಮೋಡ್ ಹಾಕಿ, ವೈಫೈ ಮಾತ್ರ ಮತ್ತೆ ಆನ್ ಮಾಡಿ. ಕುಣಿತ ನಿಂತರೆ ಟವರ್ ಕಾರಣ. ಇದನ್ನು ನೀವು ಸರಿಪಡಿಸಲು ಆಗುವುದಿಲ್ಲ. ಸುತ್ತ ರೂಟರ್‌ಗಳಿದ್ದರೆ ವೈಫೈ ಸ್ಕ್ಯಾನಿಂಗ್ ಆನ್ ಮಾಡಿಡಿ, ಟವರ್‌ನ ಮಾತು ಕೇಳುವ ಅಗತ್ಯ ಹೆಚ್ಚಾಗಿ ಬರುವುದಿಲ್ಲ.

ಐಪಿ ವಿಳಾಸ: ಬೇರೆ ಊರು, ಬೇರೆ ದೇಶ

ಲ್ಯಾಪ್‌ಟಾಪ್, ಡೆಸ್ಕ್‌ಟಾಪ್ ತಪ್ಪು ಊರು ತೋರಿಸಿದರೆ ಇಲ್ಲಿಂದ ಶುರುಮಾಡಿ. ನೆಟ್‌ವರ್ಕ್ ಕೇಬಲ್ ಹಾಕಿದ, ವೈಫೈ ಕಾರ್ಡ್ ಇಲ್ಲದ ಕಂಪ್ಯೂಟರ್‌ಗೆ ಐಪಿ ಬಿಟ್ಟು ಬೇರೆ ದಾರಿಯಿಲ್ಲ. ಐಪಿಯಿಂದ ಸಿಗುವುದು ಇಂಟರ್ನೆಟ್ ಕಂಪನಿಯ ವಿಳಾಸಗಳ ಗುಂಪನ್ನು ಯಾವ ಊರಿಗೆ ಬರೆದಿಟ್ಟಿದ್ದಾರೆ ಅನ್ನುವುದು. ನಿಮ್ಮ ಮನೆ ಎಲ್ಲಿದೆ ಅನ್ನುವುದಲ್ಲ.

ಒಂದು ಸಣ್ಣ ಪರೀಕ್ಷೆಯಿಂದ ಬಹಳಷ್ಟು ತಿಳಿಯುತ್ತದೆ. ವೆಬ್‌ಸೈಟ್ ಲೊಕೇಶನ್ ಅನುಮತಿ ಕೇಳಿತೇ? ಕೇಳದೆಯೇ ಊರು ತೋರಿಸಿದ್ದರೆ ಅದು ಐಪಿ ನೋಡಿ ಮಾಡಿದ ಊಹೆ. ಅನುಮತಿ ಕೇಳಿ ತಪ್ಪು ತೋರಿಸಿದರೆ ಬ್ರೌಸರ್, ಆಪರೇಟಿಂಗ್ ಸಿಸ್ಟಂ, ವೈಫೈ ಈ ಕಡೆ ಹುಡುಕಿ. ವಿಪಿಎನ್ (ನಿಮ್ಮ ಇಂಟರ್ನೆಟ್ ಸಂಪರ್ಕವನ್ನು ಬೇರೆಡೆಯ ಸರ್ವರ್ ಮೂಲಕ ಕಳಿಸುವ ವ್ಯವಸ್ಥೆ) ಇದ್ದರೆ ಆಫ್ ಮಾಡಿ ನೋಡಿ. ವಿಪಿಎನ್ ಬದಲಿಸುವುದು ಐಪಿಯನ್ನು ಮಾತ್ರ, ವೈಫೈ ಗುರುತನ್ನಲ್ಲ. ಅದಕ್ಕೇ ಒಂದೇ ಫೋನಿನಲ್ಲಿ ಮ್ಯಾಪ್ ಸರಿಯಾಗಿದ್ದು ಸುದ್ದಿ ಸೈಟು ಬೇರೆ ದೇಶದ ಸುದ್ದಿ ತೋರಿಸುತ್ತದೆ. ವಿದೇಶದಲ್ಲಿ ರೋಮಿಂಗ್ ಸಿಮ್ ಬಳಸುವಾಗಲೂ ಹೀಗಾಗುತ್ತದೆ. ರೋಮಿಂಗ್ ಡೇಟಾ ಹೆಚ್ಚಾಗಿ ಸಿಮ್ ಕೊಟ್ಟ ದೇಶಕ್ಕೇ ಹೋಗಿ ಅಲ್ಲಿಂದ ಇಂಟರ್ನೆಟ್ ಸೇರುತ್ತದೆ.

ವಿಂಡೋಸ್‌ನಲ್ಲಿ 'ಡೀಫಾಲ್ಟ್ ಲೊಕೇಶನ್' ಅಂತ ಒಂದು ಸೆಟ್ಟಿಂಗ್ ಇದೆ. ಬೇರೆ ಏನೂ ಸಿಗದಾಗ ಅದನ್ನು ಬಳಸುತ್ತದೆ. ಯಾವತ್ತೋ ಹಾಕಿಟ್ಟ ಹಳೇ ಊರು ಅಲ್ಲಿ ಉಳಿದಿರಬಹುದು. ಲಿನಕ್ಸ್ ಬಳಸುವವರು ಇನ್ನೊಂದನ್ನು ನೋಡಬೇಕು. ಅಲ್ಲಿನ ಜಿಯೋಕ್ಲೂ ಅನ್ನುವ ವ್ಯವಸ್ಥೆ ಬಹಳ ಕಾಲ ಮೊಜಿಲ್ಲಾ ಲೊಕೇಶನ್ ಸರ್ವಿಸ್‌ನ ಪಟ್ಟಿಯನ್ನು ಕೇಳುತ್ತಿತ್ತು. 2013ರಲ್ಲಿ ಶುರುವಾದ ಆ ಸೇವೆ 2024ರಲ್ಲಿ ಮುಚ್ಚಿತು. ಹಳೇ ಆವೃತ್ತಿ ಇನ್ನೂ ಅದನ್ನೇ ಕೇಳುತ್ತಿದ್ದರೆ ಉತ್ತರ ಬರುವುದಿಲ್ಲ. ಅಪ್‌ಡೇಟ್ ಮಾಡಿ, ಅಥವಾ ಸೆಟ್ಟಿಂಗ್‌ನಲ್ಲಿ ಬೀಕನ್‌ಡಿಬಿಯಂಥ ಬೇರೆ ಸೇವೆಯ ವಿಳಾಸ ಕೊಡಿ.

ಐಪಿ ಚುಕ್ಕೆಯನ್ನು ಒಂದು ಮನೆಯ ಗುರುತಾಗಿ ಓದುವುದು ಅಪಾಯ. ಅಮೆರಿಕದ ಕ್ಯಾನ್ಸಸ್ ರಾಜ್ಯದ ಪಾಟ್ವಿನ್ ಬಳಿಯ ಒಂದು ತೋಟದ ಮನೆಗೆ ವರ್ಷಗಟ್ಟಲೆ ಪೊಲೀಸರು, ಸಿಟ್ಟಿಗೆದ್ದ ಅಪರಿಚಿತರು ಬಂದು ಹೋಗುತ್ತಿದ್ದರು. 2016ರಲ್ಲಿ ಪತ್ರಕರ್ತರು ಹುಡುಕಿದಾಗ ಕಾರಣ ತಿಳಿಯಿತು. ಮ್ಯಾಕ್ಸ್‌ಮೈಂಡ್ ಕಂಪನಿಯ ಪಟ್ಟಿಯಲ್ಲಿ, "ಅಮೆರಿಕದಲ್ಲಿ ಎಲ್ಲೋ ಇದೆ" ಎಂದಷ್ಟೇ ಗೊತ್ತಿದ್ದ ಐಪಿಗಳಿಗೆಲ್ಲ ದೇಶದ ನಡುಭಾಗದ ಒಂದು ಬಿಂದುವನ್ನು ಬರೆದಿಟ್ಟಿದ್ದರು. ಅಂಥ ಐಪಿಗಳು 60 ಕೋಟಿಗೂ ಜಾಸ್ತಿ. ಆ ಬಿಂದು ಈ ಮನೆಯ ಅಂಗಳದಲ್ಲಿತ್ತು. ಆಮೇಲೆ ಕಂಪನಿ ಅದನ್ನು ಒಂದು ಕೆರೆಯ ಮಧ್ಯಕ್ಕೆ ಸರಿಸಿತು. ಕಳೆದ ಫೋನ್ ಹುಡುಕುವಾಗ ದೊಡ್ಡ ವೃತ್ತದ ನಡುವಿನ ಚುಕ್ಕೆ ನೋಡಿ ಯಾರದೋ ಮನೆ ಬಾಗಿಲು ತಟ್ಟಬೇಡಿ. ಚುಕ್ಕೆ ಅಲ್ಲಿ ಬಿದ್ದಿರುವುದು ಅದು ವೃತ್ತದ ಮಧ್ಯ ಅನ್ನುವ ಕಾರಣಕ್ಕೆ ಮಾತ್ರ.

ಕಟ್ಟಡದೊಳಗೆ ನಡೆಯುವಾಗ

ಊರು ಸರಿ, ಕಟ್ಟಡ ಸರಿ, ಆದರೆ ಯಾವ ಕೋಣೆ ಅನ್ನುವುದು ತಪ್ಪು. ಇದಕ್ಕೆ ಕಾರಣ ಸಿಗ್ನಲ್‌ನ ಜೋರನ್ನು ದೂರ ಅಂತ ಓದುವುದು. ಬಯಲಿನಲ್ಲಿ ದೂರ ಎರಡರಷ್ಟಾದರೆ ಸಿಗ್ನಲ್ 6 ಡೆಸಿಬೆಲ್ ಇಳಿಯುತ್ತದೆ. ಒಂದು ಗೋಡೆ ಅಡ್ಡ ಬಂದರೂ ಅಷ್ಟೇ ಇಳಿಯಬಹುದು. ಫೋನ್ ಹಿಡಿದವರ ಮೈ ಅಡ್ಡ ಬಂದರೂ ಇಳಿಯುತ್ತದೆ. ನಿಂತಲ್ಲೇ ಒಂದು ಸುತ್ತು ತಿರುಗಿದಾಗ ಚುಕ್ಕೆ ಸರಿದರೆ ಅದು ಇದೇ. ವೈಫೈ ಆರ್‌ಟಿಟಿ ಅನ್ನುವ ಸೌಲಭ್ಯ ಇರುವ ರೂಟರ್ ಸಿಕ್ಕರೆ ಫೋನ್ ಸಿಗ್ನಲ್ ಹೋಗಿ ಬರುವ ಸಮಯವನ್ನೇ ಅಳೆಯುತ್ತದೆ. ರೇಡಿಯೋ ಅಲೆ ಒಂದು ನ್ಯಾನೋಸೆಕೆಂಡಿನಲ್ಲಿ ಸುಮಾರು 30 ಸೆಂಟಿಮೀಟರ್ ಹೋಗುತ್ತದೆ. ಅದರಿಂದ 1–2 ಮೀಟರಿನಷ್ಟು ನಿಖರತೆ ಸಿಗುತ್ತದೆ. ಆಂಡ್ರಾಯ್ಡ್ 9ರಿಂದ ಫೋನಿನ ಕಡೆ ಇದಕ್ಕೆ ಬೆಂಬಲ ಇದೆ. ಆದರೆ ರೂಟರಿನಲ್ಲೂ ಇರಬೇಕು, ಹಲವು ರೂಟರ್‌ಗಳಲ್ಲಿ ಇಲ್ಲ.

ಗುರುತುಗಳು ಸಿಗದ ಕಡೆ ಫೋನ್ ಹೆಜ್ಜೆ ಎಣಿಸಿ, ದಿಕ್ಕು ನೋಡಿ ಮುಂದಿನ ಜಾಗ ಊಹಿಸುತ್ತದೆ. ದಿಕ್ಕು 10 ಡಿಗ್ರಿ ತಪ್ಪಿದರೆ 100 ಮೀಟರ್ ನಡೆಯುವಷ್ಟರಲ್ಲಿ ಚುಕ್ಕೆ ಪಕ್ಕಕ್ಕೆ 17 ಮೀಟರ್ ಹೋಗಿರುತ್ತದೆ. ಚುಕ್ಕೆ ನಿಧಾನವಾಗಿ ಒಂದೇ ಕಡೆ ಜಾರುತ್ತಾ ಗೋಡೆ ದಾಟಿದರೆ ಫೋನ್ ಕವರಿನಲ್ಲಿ ಅಯಸ್ಕಾಂತ ಇದೆಯೇ ನೋಡಿ, ತೆಗೆದಿಡಿ. ಫೋನನ್ನು ಗಾಳಿಯಲ್ಲಿ ಇಂಗ್ಲಿಷ್ ಎಂಟರ ಆಕಾರದಲ್ಲಿ ಕೆಲವು ಸಲ ತಿರುಗಿಸಿ, ದಿಕ್ಸೂಚಿ ಮತ್ತೆ ಹೊಂದಿಕೊಳ್ಳುತ್ತದೆ. ಕಬ್ಬಿಣ ಜಾಸ್ತಿ ಇರುವ ಕಟ್ಟಡದಲ್ಲಿ ಈ ಉಪಾಯ ಪೂರ್ತಿ ಫಲ ಕೊಡುವುದಿಲ್ಲ.

ಬ್ಲೂಟೂತ್ ಬೀಕನ್ (ಜಾಗ ಗುರುತಿಸಲು ಸಿಗ್ನಲ್ ಕಳಿಸುತ್ತಿರುವ ಸಣ್ಣ ಪೆಟ್ಟಿಗೆ) ಹಾಕಿದ ಕಟ್ಟಡದಲ್ಲಿ ಒಂದು ಮೂಲೆಯಲ್ಲಿ ಮಾತ್ರ ತಪ್ಪಾದರೆ ಆ ಮೂಲೆಯ ಬೀಕನ್‌ನ ಬ್ಯಾಟರಿ ಮುಗಿದಿರಬಹುದು. ನಿಮ್ಮ ಫೋನನ್ನು ಬಿಟ್ಟು ಕಟ್ಟಡದವರಿಗೆ ತಿಳಿಸಿ.

ಮಹಡಿ ತಪ್ಪಾದರೆ ಗಾಳಿಯ ಒತ್ತಡ ಅಳೆಯುವ ಸೆನ್ಸರ್ ಕಡೆ ನೋಡಬೇಕು. ಸುಮಾರು 8 ಮೀಟರ್ ಮೇಲೆ ಹೋದರೆ ಒತ್ತಡ 1 ಹೆಕ್ಟೋಪ್ಯಾಸ್ಕಲ್ ಇಳಿಯುತ್ತದೆ. ಒಂದು ಮಹಡಿಗೆ ಅದರ ಅರ್ಧಕ್ಕಿಂತ ಕಮ್ಮಿ. ಮಳೆ ಮೋಡ ಬಂದರೆ ಅದಕ್ಕಿಂತ ಎಷ್ಟೋ ಪಾಲು ಜಾಸ್ತಿ ಬದಲಾಗುತ್ತದೆ. ಹಾಗಾಗಿ ಎಷ್ಟು ಮಹಡಿ ಏರಿದಿರಿ ಅನ್ನುವುದನ್ನು ಫೋನ್ ಚೆನ್ನಾಗಿ ಹೇಳುತ್ತದೆ, ಎಷ್ಟನೇ ಮಹಡಿಯಲ್ಲಿದ್ದೀರಿ ಅನ್ನುವುದರಲ್ಲಿ ಎಡವುತ್ತದೆ. ತುರ್ತು ಕರೆ ಮಾಡುವಾಗ ಮಹಡಿ, ಕೋಣೆ ನಂಬರ್ ಬಾಯಲ್ಲೇ ಹೇಳಿ. ಚುಕ್ಕೆ ಅವರಿಗೂ ಕಾಣುತ್ತಿದೆ ಅಂತ ಸುಮ್ಮನಿರಬೇಡಿ.

ಬೇರೆಯವರಿಗೆ ದೂರು ಕೊಡುವ ಮೊದಲು

ಕಚೇರಿಯ ನೆಟ್‌ವರ್ಕ್ ನೋಡಿಕೊಳ್ಳುವವರಿಗೋ ಇಂಟರ್ನೆಟ್ ಕಂಪನಿಗೋ ಬರೆಯುವಾಗ "ಲೊಕೇಶನ್ ಸರಿಯಿಲ್ಲ" ಅಂತ ಬರೆದರೆ ಅವರಿಗೂ ಏನೂ ತಿಳಿಯುವುದಿಲ್ಲ. ತಪ್ಪು ಚುಕ್ಕೆ, ವೃತ್ತ ಎರಡೂ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ. ಆ ತಪ್ಪು ಜಾಗ ನಿಮಗೆ ಪರಿಚಿತವೇ, ಅಂದರೆ ಹಳೇ ಕಚೇರಿಯೋ ರೂಟರ್ ಕೊಟ್ಟವರ ಮನೆಯೋ, ಅದನ್ನು ಬರೆಯಿರಿ. ಎಲ್ಲ ಸಾಧನಗಳಲ್ಲೂ ತಪ್ಪೇ, ಆಂಡ್ರಾಯ್ಡ್‌ನಲ್ಲಿ ಮಾತ್ರವೇ, ಐಫೋನ್‌ನಲ್ಲಿ ಮಾತ್ರವೇ ತಿಳಿಸಿ. ರೂಟರ್ ಆಫ್ ಮಾಡಿದಾಗ ಏನಾಯಿತು, ವಿಪಿಎನ್ ಆಫ್ ಮಾಡಿದಾಗ ಏನಾಯಿತು ಅನ್ನುವುದೂ ಇರಲಿ. ಕಚೇರಿಯಾದರೆ ರೂಟರ್‌ಗಳು ಯಾವಾಗ, ಎಲ್ಲಿಂದ ಬಂದವು ಎಂದು ಕೇಳಿ ಸೇರಿಸಿ. ಐಪಿ ತಪ್ಪಾಗಿದ್ದರೆ ಐಪಿ ಪಟ್ಟಿ ಇಟ್ಟಿರುವ ಕಂಪನಿಗಳಲ್ಲಿ ತಿದ್ದುಪಡಿ ಕೇಳುವ ಫಾರ್ಮ್ ಇರುತ್ತದೆ. ಅದನ್ನು ನೀವೂ ತುಂಬಬಹುದು, ಆದರೆ ಇಂಟರ್ನೆಟ್ ಕಂಪನಿಯ ಕಡೆಯಿಂದ ಹೋದರೆ ಹೆಚ್ಚು ಬೆಲೆ. ಒಂದೊಂದು ವೆಬ್‌ಸೈಟ್ ಒಂದೊಂದು ಪಟ್ಟಿ ಬಳಸುವುದರಿಂದ ಯಾವ ಸೈಟಿನಲ್ಲಿ ತಪ್ಪು ಕಂಡಿತು ಅನ್ನುವುದನ್ನು ಹೆಸರು ಸಮೇತ ಬರೆಯಿರಿ.